ತಳದ ಮಣ್ಣು

ನಾನು ಈಜು ಕಲಿತದ್ದು ಸೊರಟೂರಿನಲ್ಲಿ, ಮಾವನ ಹೊಲದ ಬಾವಿಯಲ್ಲಿ. ಸೊರಟೂರು ಅವ್ವನ ತವರು. ಬೇಸಿಗೆ ರಜೆ ಬಿತ್ತೆಂದರೆ ಬೆಟಗೇರಿಯ ನಮ್ಮ ಓಣಿಯ ಮಗ್ಗದ ಸಪ್ಪಳ ಬಿಟ್ಟು ಅಲ್ಲಿಗೆ ಓಡುತ್ತಿದ್ದೆ. ಮಾವ ಎಣ್ಣೆಯ ಖಾಲಿ ಡಬ್ಬಿಯ ಮುಚ್ಚಳ ಬಿಗಿದು, ಅದನ್ನು ನನ್ನ ಬೆನ್ನಿಗೆ ಕಟ್ಟಿ, ಮಾತಾಡುತ್ತ ಮಾತಾಡುತ್ತಲೇ ನೀರಿಗೆ ನೂಕಿಬಿಡುತ್ತಿದ್ದ. ಒಂದು ಬೇಸಿಗೆ ಡಬ್ಬಿ ಇತ್ತು. ಮುಂದಿನ ಬೇಸಿಗೆಗೆ ಇರಲಿಲ್ಲ.

ಮಾವನದೊಂದು ಕಾಯ್ದೆ ಇತ್ತು. ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬಂದವರನ್ನು ಅವನು ಈಜುಗಾರರೆಂದು ಒಪ್ಪುತ್ತಿರಲಿಲ್ಲ.

‘ನೀರ ಮ್ಯಾಲ ಕಟಗಿನೂ ತೇಲ್ತೈತಿ. ಅದಕ್ಕ ಯಾರರ ಈಸುಗಾರ ಅಂತಾರೇನ್ಲೇ? ತಳಾ ಮುಟ್ಟಿ ಮಣ್ಣು ತಂದು ತೋರ್ಸು, ಆಮ್ಯಾಲ ಮಾತಾಡು.’

ಕಣ್ಣು ಮುಚ್ಚಿಕೊಂಡು, ತಲೆ ಕೆಳಗೆ ಮಾಡಿ, ಕಾಲು ಬಡಿಯುತ್ತ ಇಳಿಯಬೇಕು. ಇಳಿದಷ್ಟೂ ನೀರು ತಣ್ಣಗಾಗುತ್ತದೆ, ಕಿವಿ ಒತ್ತುತ್ತದೆ. ಕೈಗೆ ಮೆತ್ತಗೆ ಏನೋ ಹತ್ತಿದಾಗ ಬಾಚಿಕೊಂಡು ಮೇಲೆ ಬರಬೇಕು. ಬಂದ ಕೂಡಲೇ ಮುಷ್ಟಿ ಎತ್ತಿ ‘ಮುಟ್ಟಿದೆ!’ ಎಂದು ಕೂಗಬೇಕು. ಅರ್ಧಕ್ಕೇ ತಿರುಗಿ ಬಂದು ಮುಟ್ಟಿದೆನೆಂದು ಸುಳ್ಳು ಹೇಳುವವರಿದ್ದರಲ್ಲ, ಅವರಿಗಾಗಿ ಈ ಕಾಯ್ದೆ. ಮಣ್ಣು ಇಲ್ಲದೆ ಮೇಲೆ ಬಂದವನನ್ನು ಆ ಇಡೀ ಬೇಸಿಗೆ ‘ಬರಿಗೈ’ ಎಂದೇ ಕರೆಯುತ್ತಿದ್ದರು.

ಅವ್ವ ಮೇಲಿನ ಮೆಟ್ಟಿಲ ಮೇಲೆ ಕೂತು ಬೈಯುತ್ತಿದ್ದಳು. ‘ಅಣ್ಣಾ, ಹೆಣ್ಣಹುಡುಗಿನ್ನ ನೀರಾಗಿನ ಕಪ್ಪಿ ಮಾಡಬ್ಯಾಡೋ! ನಾಳೆ ಯಾರರ ಕೇಳಿದ್ರ ಏನಂತ ಹೇಳಲಿ?’ ಅದೇ ಬಾವಿಯ ದಂಡೆಯಲ್ಲಿ ಬೆಳೆದವಳು ಅವಳು. ಆದರೆ ಆ ನೀರು ಅವಳ ಮೊಣಕಾಲು ದಾಟಿದ್ದಿಲ್ಲ. ಅವಳ ಕಾಲಕ್ಕೆ ಹೆಣ್ಣುಮಕ್ಕಳಿಗೆ ಬಾವಿಯೆಂದರೆ ಕೊಡ ತುಂಬಿಕೊಂಡು ಮೆಟ್ಟಿಲು ಹತ್ತುವುದು, ಅಷ್ಟೇ.

ನಾನು ಮೊದಲ ಸಲ ತಂದ ಮಣ್ಣು ಬೂದು ಬಣ್ಣದ್ದು, ಬೆಣ್ಣೆಯಷ್ಟು ನುಣುಪು. ಮಾವ ಅದರಿಂದ ಒಂದು ಚಿಟಿಕೆ ತೆಗೆದು ನನ್ನ ಹಣೆಗೆ ಹಚ್ಚಿದ. ‘ಆತು. ಇವಳು ನಮ್ಮಾಕಿ’ ಎಂದ. ಆಮೇಲೆ ಪ್ರಮಾಣಪತ್ರಗಳು ಬಂದಿವೆ, ಪದವಿಯೂ ಬಂದಿದೆ. ಆ ಚಿಟಿಕೆ ಮಣ್ಣಿನಷ್ಟು ಎದೆಯುಬ್ಬಿಸಿದ್ದು ಯಾವುದೂ ಇಲ್ಲ.

ನಮ್ಮ ಮನೆತನದಲ್ಲಿ ಪದವಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ಅವ್ವ, ನಾನು ಕಂಡಿಕೆಗೆ ನೂಲು ಸುತ್ತುತ್ತಿದ್ದೆವು. ಎಡಗೈಯಲ್ಲಿ ನೂಲು, ಬಲಗೈಯಲ್ಲಿ ರಾಟೆ, ತೊಡೆಯ ಮೇಲೆ ಪುಸ್ತಕ. ಪ್ರಾಣಿಶಾಸ್ತ್ರವನ್ನು ನಾನು ಹಾಗೆ ಓದಿದ್ದು. ಗದುಗಿನ ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲಿ ಕಡಲಿನ ಜೀವಿಗಳ ಬಾಟಲಿಗಳಿದ್ದವು. ಹವಳದ ಚೂರು, ನಕ್ಷತ್ರಮೀನು, ಕಡಲಸೌತೆ. ಔಷಧದ ನೀರಿನಲ್ಲಿ ವರ್ಷಗಟ್ಟಲೆ ನಿಂತು ಎಲ್ಲದಕ್ಕೂ ಒಂದೇ ಬಣ್ಣ ಬಂದಿತ್ತು, ಹಳೆಯ ತುಪ್ಪದ ಬಣ್ಣ. ನಾನು ಅವನ್ನು ಪೆನ್ಸಿಲಿನಲ್ಲಿ ಬರೆದು, ಗೆರೆ ಎಳೆದು, ಹೆಸರು ಹಾಕಿ, ಪಾಸಾದೆ. ಕಡಲನ್ನು ನೋಡಿರಲಿಲ್ಲ.

ಕಾಲೇಜಿನ ಸರ್ ಒಬ್ಬರು ಸುದ್ದಿ ಹೇಳಿದರು. ಉತ್ತರ ಕನ್ನಡದ ದಂಡೆಯಲ್ಲಿ ಒಂದು ತಂಡ ಯುವಕ ಯುವತಿಯರಿಗೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ಮುಳುಗುವ ಸ್ಕೂಬಾ ಕಲಿಸಿ, ಕಡಲ ತಳದ ಬಂಡೆಗಳಲ್ಲಿ ಏನೇನು ಜೀವಿಗಳಿವೆ ಎಂದು ಗಣತಿ ಮಾಡಿಸುತ್ತದಂತೆ. ಕಲಿಸುವುದು, ಊಟ, ವಸತಿ ಅವರದೇ. ಜೀವಶಾಸ್ತ್ರ ಓದಿರಬೇಕು, ಈಜು ಬರಬೇಕು. ಎರಡೂ ನನ್ನ ಹತ್ತಿರ ಇದ್ದವು.

ಮನೆಯಲ್ಲಿ ಹೇಳಿದಾಗ ಅಪ್ಪ ಲಾಳಿ ನಿಲ್ಲಿಸಿದ.

‘ಸಮುದ್ರದಾಗ ನಿಂದೇನ್ ಕೆಲಸವಾ?’

‘ತೆಳಗ ಏನೇನ್ ಅದಾವು ಅಂತ ಎಣಿಸೋದು, ಅಪ್ಪಾ.’

‘ಪಗಾರ?’

‘ಪಗಾರಿಲ್ಲ. ಸೇವಾ.’

‘ಪಗಾರಿಲ್ದ ನೀರಾಗ ಮುಣುಗಾಕ ಬಿ.ಎಸ್ಸಿ. ಮಾಡಿದೇನ್? ನೀರಿನ ಜೀವ ನೋಡೂದಿದ್ರ ಇಲ್ಲೇ ನಮ್ಮ ಮಾಗಡಿ ಕೆರಿಗೆ ಹೋಗು. ಚಳಿಗಾಲಕ್ಕ ದೇಶದೇಶದ ಹಕ್ಕಿ ತಾವಾಗೇ ಬರ್ತಾವು. ದಂಡಿ ಮ್ಯಾಲ ಕುಂತು ಎಣಿಸು. ಮೈನೂ ತೊಯ್ಯಂಗಿಲ್ಲ.’

ಅವ್ವ ರಾಟೆಯಿಂದ ತಲೆ ಎತ್ತದೆ ಹೇಳಿದಳು. ‘ಹೋಗಿ ಬರ್ಲಿ ಬಿಡ್ರಿ. ನಾವಂತೂ ಒಂದೂ ನೋಡ್ಲಿಲ್ಲ.’ ಅಪ್ಪ ಮತ್ತೆ ಲಾಳಿ ಎಸೆದ. ನಮ್ಮ ಮನೆಯಲ್ಲಿ ಒಪ್ಪಿಗೆ ಎಂದರೆ ಅದೇ.

ಮಾವ ಫೋನಿನಲ್ಲಿ ಆಶೀರ್ವಾದ ಮಾಡಿದ್ದು ಹೀಗೆ: ‘ಸಮುದ್ರದ ತಳದ ಮಣ್ಣು ತರಬೇಕು ಮತ್ತ. ಬರಿಗೈಲೆ ಬಂದಿ ಅಂದ್ರ ನಮ್ಮ ಬಾವ್ಯಾಗ ನೂಕಿ ಮೊದಲಿಂದ ಕಲಿಸ್ತೀನಿ, ನೋಡು.’

ತರಬೇತಿಯ ಮೊದಲ ದಿನವೇ ಅಲ್ಲಿ ಸ್ಕೂಬಾ ಕಲಿಸುವ ಸರ್ ಎರಡು ಮಾತು ಹೇಳಿದ್ದರು. ದಂಡೆಯ ಊರಿನವರೇ ಅವರು, ಬಿಸಿಲಿಗೆ ಕಂದಿದ ಮುಖ, ಮೆಲುದನಿ. ‘ಕೆಳಗೆ ಯಾವುದನ್ನೂ ಮುಟ್ಟುವುದಿಲ್ಲ, ಯಾವುದನ್ನೂ ತರುವುದಿಲ್ಲ. ಕಲಿತವರೆಲ್ಲ ಗಣತಿಗೆ ಇಳಿಯುವುದಿಲ್ಲ. ಯಾರು ಇಳಿಯಬೇಕು ಎಂದು ನಾನು ನೋಡಿ ಹೇಳುತ್ತೇನೆ. ಉಳಿದವರು ದೋಣಿಯಲ್ಲಿ ಸಿಲಿಂಡರು ಕಾಯುತ್ತಾರೆ.’ ಅಲ್ಲಿನ ಬಂಡೆಗಳ ಮೇಲೆ ದೋಣಿಗಳು ಲಂಗರು ಇಳಿಸಿ ಹವಳ ಮುರಿಯುತ್ತಿದ್ದವು. ಇಲ್ಲಿ ಇಳಿಸಬೇಡಿ ಎಂದು ಕೇಳಬೇಕಾದರೆ ಇಲ್ಲಿ ಏನಿದೆ ಎಂದು ತೋರಿಸಬೇಕು. ಅದಕ್ಕೆ ಈ ಗಣತಿ. ನನಗೆ ಗಣತಿಗೆ ಇಳಿಯಲೇಬೇಕಿತ್ತು. ಅಷ್ಟು ದೂರ ಬಂದು, ದೋಣಿಯಲ್ಲಿ ಸಿಲಿಂಡರು ಕಾಯ್ದು ಬಂದೆನೆಂದು ಅಪ್ಪನಿಗೆ ಹೇಳಲಾರೆ.

ಈಜುಕೊಳದ ಪಾಠಗಳನ್ನು ಬೇಗ ಕಲಿತೆ. ಹೆಬ್ಬೆರಳು ಮೇಲೆತ್ತಿದರೆ ‘ಭೇಷ್’ ಅಲ್ಲ, ‘ಮೇಲೆ ಹೋಗೋಣ’ ಎಂಬುದೊಂದು ಮಾತ್ರ ತಲೆಗೆ ಹತ್ತಲು ತಡವಾಯಿತು. ನನಗೆ ಜೋಡಿಯಾಗಿ ಸಿಕ್ಕವಳು ಮೀನುಗಾರರ ಮನೆಯ ಹುಡುಗಿ. ನೀರಿನೊಳಗೆ ಇಬ್ಬಿಬ್ಬರೇ ಹೋಗಬೇಕು, ಒಬ್ಬರ ಉಸಿರಿನ ಮೇಲೆ ಇನ್ನೊಬ್ಬರ ಕಣ್ಣಿರಬೇಕು. ‘ಸಮುದ್ರವೇ ನೋಡದವರನ್ನು ನನಗೆ ಕಟ್ಟಿದ್ದಾರಲ್ಲ ಮಾರಾಯ್ತಿ!’ ಎಂದು ಅವಳು ಮೊದಲ ದಿನವೇ ಹಣೆ ಬಡಿದುಕೊಂಡಿದ್ದಳು.

ಕಡಲಿಗೆ ಇಳಿದ ಆ ಬೆಳಗನ್ನು ಹೇಗೆ ಹೇಳಲಿ.

ಬಾವಿಯಲ್ಲಿ ನಾನು ಇಳಿಯುತ್ತಿದ್ದದ್ದು ಕಣ್ಣು ಮುಚ್ಚಿ, ಉಸಿರು ಹಿಡಿದು. ಇಲ್ಲಿ ಕಣ್ಣು ತೆರೆದಿತ್ತು, ಉಸಿರು ಓಡುತ್ತಿತ್ತು. ಮೊದಲ ಸಲ ನೀರಿನ ತಳಕ್ಕೆ ಹೋಗುತ್ತ ನಾನು ತಳವನ್ನು ನೋಡಿದೆ. ಹಸಿರು ಮಬ್ಬಿನೊಳಗಿಂದ ಬಂಡೆಗಳು ನಿಧಾನವಾಗಿ ನಮ್ಮತ್ತ ಏಳತೊಡಗಿದವು. ನಾವು ಇಳಿಯುತ್ತಿದ್ದೆವೋ, ಅವೇ ಮೇಲೆ ಬರುತ್ತಿದ್ದವೋ. ಕಿವಿಯಲ್ಲಿ ಚಟಚಟ ಎನ್ನುವ ಸಣ್ಣ ಸದ್ದು, ಎಲ್ಲೋ ಪಕ್ಕದ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ನೀರಿನೊಳಗೆ ಯಾರ ಅಡುಗೆ? ಆಮೇಲೆ ತಿಳಿಯಿತು, ಅದು ಬಂಡೆಯ ಸಂದಿಯ ಸಿಗಡಿಗಳ ಸದ್ದು. ಬೆರಳುದ್ದದ ಜೀವಿಗಳು ಕೊಂಡಿ ಚಿಟುಕಿಸುವ ಸಪ್ಪಳವಂತೆ, ಕಡಲೆಲ್ಲ ತುಂಬಿತ್ತು.

ಹವಳ ಕಂಡೆ. ನಾನು ಬರೆದ ಚಿತ್ರದಲ್ಲಿ ಅದು ತೂತು ತೂತಿನ ಕಲ್ಲು. ಇಲ್ಲಿ ಪ್ರತಿ ತೂತಿನಿಂದಲೂ ಕೂದಲಿನಂಥ ಬೆರಳುಗಳು ಹೊರಬಂದು ನೀರನ್ನು ಕರೆಯುತ್ತಿದ್ದವು. ಹಸಿರು ನೀಲಿ ಮೈಯ ಮೀನೊಂದು ಬಂಡೆಯನ್ನು ಕಟಕಟ ಕಡಿಯುತ್ತಿದ್ದುದು ಕಿವಿಗೆ ಕೇಳಿಸುತ್ತಿತ್ತು. ನಮ್ಮ ಕಾಲೇಜಿನ ಕಪಾಟಿನ ಕಡಲಸೌತೆ ಮರಳ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು. ಬಿದ್ದುಕೊಂಡಿಲ್ಲ, ಹೋಗುತ್ತಿತ್ತು! ಕಪ್ಪು ಮೈ, ಬಾಯಿಯ ಸುತ್ತ ಸಣ್ಣ ಕುಚ್ಚು, ಆ ಕುಚ್ಚಿನಿಂದ ಮರಳನ್ನು ಒರೆಸಿ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತ, ಯಾವ ಗಡಿಬಿಡಿಯೂ ಇಲ್ಲದೆ. ಗಾಜಿನ ಮುಖವಾಡದೊಳಗೆ ನನ್ನ ಕಣ್ಣು ತುಂಬಿ ಬಂತು. ಮೂರು ವರ್ಷ ಅದರ ಹೆಣವನ್ನು ನೋಡಿ ಅಂಕ ತಗೊಂಡಿದ್ದೆ. ಅದು ನಡೆಯುತ್ತದೆ ಎಂದು ಓದಿದ್ದೆ. ನಂಬಿರಲಿಲ್ಲ ಅಂತ ಈಗ ಗೊತ್ತಾಯಿತು.

ಸರ್ ಹೆಬ್ಬೆರಳು ಮೇಲೆತ್ತಿದರು. ಹೊರಡುವ ಹೊತ್ತು. ಆಗ ನನ್ನ ಬಲಗೈ ತಾನಾಗಿಯೇ ಕೆಳಗೆ ಹೋಗಿ, ಬಂಡೆಯ ಬುಡದ ಮರಳನ್ನು ಬಾಚಿ ಮುಷ್ಟಿ ಕಟ್ಟಿತು. ನಾನು ಯೋಚನೆ ಮಾಡಲಿಲ್ಲ. ತಳ ಮುಟ್ಟಿದವಳು ಮಾಡುವುದು ಅದನ್ನೇ.

ಮೇಲೆ ಬಂದು ಬಾಯಿಯ ಕೊಳವೆ ಕಿತ್ತು, ಮುಷ್ಟಿ ಎತ್ತಿ ಕೂಗಿದೆ: ‘ಮುಟ್ಟಿದೆ!’

ದೋಣಿಯಲ್ಲಿ ನಗುತ್ತ ಸಿಲಿಂಡರು ಬಿಚ್ಚುತ್ತಿದ್ದ ಹುಡುಗರು ಕೈ ನಿಲ್ಲಿಸಿದರು. ಸರ್ ಡಬ್ಬಿಯೊಂದರಲ್ಲಿ ಕಡಲ ನೀರು ತುಂಬಿ ನನ್ನ ಮುಂದೆ ಹಿಡಿದರು. ‘ಇದರೊಳಗೆ ನಿಧಾನ ಬಿಡಿ.’

ಮರಳು ತಳಕ್ಕೆ ಕೂತ ಮೇಲೆ ಅದರೊಳಗಿಂದ ಏನೋ ಎದ್ದಿತು. ನಡುವೆ ಅಂಗಿಯ ಗುಂಡಿಯಷ್ಟು ಮೈ, ಸುತ್ತಲೂ ದಾರದಂಥ ಉದ್ದ ತೋಳುಗಳು. ನಕ್ಷತ್ರಮೀನಿನ ದಾಯಾದಿ. ಇದನ್ನೂ ಪೆನ್ಸಿಲಿನಲ್ಲಿ ಬರೆದವಳೇ ನಾನು. ಐದು ತೋಳು ಇರಬೇಕು. ನಾಲ್ಕಿದ್ದವು. ಐದನೆಯದು ಮರಳಿನಲ್ಲಿ ಬೇರೆಯೇ ಬಿದ್ದು ಹೊರಳಾಡುತ್ತಿತ್ತು.

‘ತೋಳು ಮತ್ತೆ ಬರುತ್ತದೆ’ ಎಂದರು ಸರ್. ‘ಆದರೆ ಇದು ಮನೆಗೆ ಹೋಗಬೇಕು. ಎಲ್ಲಿಂದ ತಂದಿರಿ?’

‘ತೆಳಗಿಂದ ಸರ್.’

‘ಕೆಳಗೆ ಎಲ್ಲಿ?’

ಬಾವಿ, ಮಾವ, ಬರಿಗೈ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ನನ್ನ ಜೋಡಿಯವಳಿಗೆ ನಗು ತಡೆಯಲಾಗಲಿಲ್ಲ. ‘ಅಲ್ಲ ಮಾರಾಯ್ತಿ, ನಿಮ್ಮ ಬಾವಿಯ ಅಡಿಯಲ್ಲಿ ಮಣ್ಣು ಬಿಟ್ಟು ಎಂತದೂ ಇಲ್ವಾ?’

ಇದೆಯೋ ಇಲ್ಲವೋ. ನಾನು ನೋಡಿದ್ದೆನೇ?

ಸರ್ ನಗಲಿಲ್ಲ, ಬೈಯಲೂ ಇಲ್ಲ. ‘ಮಧ್ಯಾಹ್ನ ಇನ್ನೊಂದು ಸಲ ಇಳಿಯುತ್ತೇವೆ. ಇದನ್ನು ತೆಗೆದ ಜಾಗಕ್ಕೇ ಮುಟ್ಟಿಸಿ. ನಾನು ಹಿಂದೆ ಇರುತ್ತೇನೆ, ದಾರಿ ತೋರಿಸುವುದಿಲ್ಲ. ಜಾಗ ಸಿಕ್ಕರೆ ನೀವು ಕೆಳಗೆ ಕಣ್ಣು ಬಿಟ್ಟಿದ್ದಿರಿ ಎಂದು ಅರ್ಥ. ಸಿಗದಿದ್ದರೆ ಯಾವುದಾದರೂ ಬಂಡೆಯ ನೆರಳಿಗೆ ಬಿಡೋಣ. ಆದರೆ ಗಣತಿಗೆ ನಿಮ್ಮನ್ನು ಇಳಿಸುವುದು ನನ್ನಿಂದ ಆಗುವುದಿಲ್ಲ.’

ಮಧ್ಯಾಹ್ನದವರೆಗೆ ದೋಣಿಯ ನೆರಳಿನಲ್ಲಿ ಡಬ್ಬಿ ಹಿಡಿದು ಕೂತೆ. ಕಣ್ಣು ಮುಚ್ಚಿ ಬೆಳಗಿನ ದಾರಿಯನ್ನು ಮತ್ತೆ ಮತ್ತೆ ನಡೆದೆ. ಅಪ್ಪ ಹೊಸ ಸೀರೆಯ ಅಂಚನ್ನು ಎಲ್ಲೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಒಮ್ಮೆ ನೋಡಿದರೆ ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ನೆಯ್ದುಬಿಡುತ್ತಿದ್ದ. ನಾನೂ ಹಾಗೇ ಹೇಳಿಕೊಂಡೆ. ನೇರಳೆ ಹತ್ತಿದ ದೊಡ್ಡ ಬಂಡೆ. ಅದರ ಪಕ್ಕ ಹಳದಿ. ಹಳದಿ ಮುಗಿದಲ್ಲಿ ಬಿರುಕು. ಬಿರುಕಿನಾಚೆ ಮರಳು, ಮರಳಿನಲ್ಲಿ ಕಡಲಸೌತೆ.

ಇಳಿದೆವು. ಮುಚ್ಚಿದ ಡಬ್ಬಿ ನನ್ನ ಎದೆಯ ಹತ್ತಿರ, ಜೋಡಿಯವಳು ಪಕ್ಕಕ್ಕೆ, ಸರ್ ಹಿಂದೆ. ಬಿಸಿಲು ವಾಲಿತ್ತು, ಬಣ್ಣಗಳು ಬೇರೆಯಾಗಿದ್ದವು. ನೇರಳೆ ಈಗ ಬರೀ ಕಪ್ಪು. ಎರಡು ಬಂಡೆ ದಾಟಿದೆ, ತಿರುಗಿ ಬಂದೆ. ಹಳದಿ ಸಿಕ್ಕಿತು. ಬಿರುಕು ಸಿಕ್ಕಿತು. ಕಡಲಸೌತೆ ಅಲ್ಲಿರಲಿಲ್ಲ. ಅದು ನನ್ನ ದಾರಿ ಕಾಯುತ್ತ ಕೂತಿರಲು ಬಾಟಲಿಯಲ್ಲಿರಲಿಲ್ಲವಲ್ಲ.

ಆಗ ಮರಳನ್ನು ನೋಡಿದೆ. ಬಂಡೆಗಳ ನಡುವೆ ಅಲೆಯ ಒತ್ತಿಗೆ ಮರಳಿನಲ್ಲಿ ಗೆರೆಗಳು ಮೂಡಿದ್ದವು, ಒಂದರ ಪಕ್ಕ ಒಂದು, ಮಗ್ಗದ ಮೇಲೆ ಬಿಗಿದ ಎಳೆಗಳ ಹಾಗೆ. ನೇಕಾರರ ಮನೆಯ ಕಣ್ಣು ಬಟ್ಟೆಯಲ್ಲಿ ಮೊದಲು ಹುಡುಕುವುದು ತಪ್ಪಿದ ಎಳೆಯನ್ನು. ಬಂಡೆಯ ಬುಡದಲ್ಲಿ, ಅಲೆಯ ಒತ್ತು ತಾಗದ ಮೂಲೆಯಲ್ಲಿ, ಎಳೆ ಕಡಿದಿತ್ತು. ನಾಲ್ಕು ಬೆರಳು ಎಳೆದ ನಾಲ್ಕು ಗೀರು. ಅರ್ಧ ತುಂಬಿದ್ದವು, ಆದರೆ ಇದ್ದವು. ನನ್ನ ಕೈ.

ಮೇಲೆ ತೇಲುತ್ತಲೇ, ಏನನ್ನೂ ಮುಟ್ಟದೆ, ಡಬ್ಬಿಯ ಮುಚ್ಚಳ ತೆಗೆದು ಓರೆ ಮಾಡಿದೆ. ಆ ಗುಂಡಿಯಂಥ ಜೀವಿ ಜಾರಿ ಮರಳಿಗೆ ಇಳಿಯಿತು. ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ನಾಲ್ಕೇ ತೋಳುಗಳನ್ನು ದೋಣಿಯ ಹುಟ್ಟು ಹಾಕಿದಂತೆ ಬೀಸುತ್ತ ಬಂಡೆಯ ಬುಡದತ್ತ ಹೊರಟಿತು. ನಾನು ಟಾರ್ಚು ಹಚ್ಚಿ ಅದರ ಹಿಂದೆ ಬೆಳಕು ಬಿಟ್ಟೆ.

ಬಂಡೆಯ ಕೆಳಗಿನ ಸಂದಿಯ ತುಂಬ ತೋಳುಗಳಿದ್ದವು. ಕಂದು, ಕಪ್ಪು, ಪಟ್ಟೆ ಪಟ್ಟೆ. ಪ್ರತಿ ಬಿರುಕಿನಿಂದ ಎರಡೋ ಮೂರೋ ದಾರಗಳು ಹೊರಚಾಚಿ ನೀರನ್ನು ಸವರುತ್ತಿದ್ದವು. ಒಂದು ಓಣಿಯ ಎಲ್ಲ ಮನೆಗಳ ಬಾಗಿಲಿನಿಂದಲೂ ಜನ ಕೈ ಚಾಚಿದ ಹಾಗೆ. ನಮ್ಮದು ಆ ಗುಂಪಿನೊಳಗೆ ಹೋಯಿತು. ಯಾವುದು ಅದು, ಯಾವುದು ಬೇರೆ ಎಂದು ಮತ್ತೆ ತಿಳಿಯಲಿಲ್ಲ. ಬೆಳಿಗ್ಗೆ ನಾನು ಬರೀ ಮರಳು ಎಂದುಕೊಂಡು ಕೈ ಹಾಕಿದ್ದು ಈ ಓಣಿಯ ಅಂಗಳಕ್ಕೆ. ಎಷ್ಟು ಹೊತ್ತು ನೋಡುತ್ತಿದ್ದೆನೋ. ಜೋಡಿಯವಳು ನನ್ನ ಭುಜ ತಟ್ಟಿ, ಸಿಲಿಂಡರಿನಲ್ಲಿ ಉಳಿದ ಗಾಳಿ ಅಳೆಯುವ ಮುಳ್ಳು ತೋರಿಸಿದಳು. ಹಿಂದಿರುಗಿ ನೋಡಿದರೆ ಸರ್ ಕೂಡ ನನ್ನನ್ನು ನೋಡುತ್ತಿರಲಿಲ್ಲ. ಬಗ್ಗಿ ಸಂದಿಯನ್ನೇ ನೋಡುತ್ತಿದ್ದರು.

ದೋಣಿ ಹತ್ತಿದ ಮೇಲೆ ಅವರು ಹೇಳಿದ್ದು ಒಂದೇ ಮಾತು. ‘ನಾಳೆಯಿಂದ ಈ ಬಂಡೆ ನಿಮ್ಮಿಬ್ಬರದು. ನೀರಿನಲ್ಲಿ ಬರೆಯುವ ಹಲಗೆ ಈಕೆಯ ಹತ್ತಿರ ಇರಲಿ’ ಎಂದು ನನ್ನನ್ನು ತೋರಿಸಿದರು. ಜೋಡಿಯವಳು ನನ್ನ ಕಿವಿಯಲ್ಲಿ, ‘ಕೈಯಲ್ಲಿ ಹಲಗೆ ಕೊಟ್ಟರೆ ಮುಷ್ಟಿ ಕಟ್ಟಲಿಕ್ಕೆ ಆಗೋದಿಲ್ಲ, ಅದಕ್ಕೇ’ ಎಂದಳು.

ಮಳೆಗಾಲಕ್ಕೆ ಮುನ್ನ ಕಡಲು ಒರಟಾಗುವವರೆಗೆ ಆ ಬಂಡೆಯನ್ನು ಎಣಿಸಿದೆವು. ಆಮೇಲೆ ಊರಿಗೆ ಬಂದೆ. ನಾನು ಬಂದ ಸುದ್ದಿ ಕೇಳಿ ಮಾವ ಬಾವಿಯ ದಂಡೆಗೇ ಕರೆಸಿಕೊಂಡ. ಅವ್ವನೂ ಬಂದಳು. ನಡು ಮಧ್ಯಾಹ್ನ, ಬಿಸಿಲು ನೆಟ್ಟಗೆ ಬಾವಿಯೊಳಗೆ ಇಳಿದಿತ್ತು.

‘ಎಲ್ಲೈತಿ ಮಣ್ಣು?’ ಮಾವ ಕೈ ಚಾಚಿದ.

‘ತಂದಿದ್ದೆ ಮಾಮಾ. ತಿರುಗಿ ಇಟ್ಟು ಬಂದೆ.’

‘ಆಹಾಹಾ! ಡಿಗ್ರಿ ಮಾಡಿದಾಕಿ ನೆಪಾನೂ ಡಿಗ್ರಿದ್ದ ಹೇಳ್ತಾಳ! ಬರಿಗೈ ಅನ್ನು.’

‘ಬರಿಗೈನ. ಖರೆ. ನೀ ಒಮ್ಮೆ ಇದನ್ನ ಹಾಕ್ಕೊಂಡು ತಳಕ್ಕ ಹೋಗಿ ಬಾ. ಆಮ್ಯಾಲ ನೂಕು ನನ್ನ.’ ಚೀಲದಿಂದ ನನ್ನ ಮುಖವಾಡ ತೆಗೆದು ಕೊಟ್ಟೆ. ‘ಮೊದಲು ಗಾಜಿಗೆ ಉಗುಳು. ಇಲ್ಲಂದ್ರ ಮಬ್ಬು ಹಿಡಿತೈತಿ.’

‘ಉಗುಳಿದ್ದನ್ನ ಮಾರಿಗೆ ಹಾಕ್ಕೋಬೇಕಾ? ಇದನ್ನ ಕಲ್ತು ಬಂದೇನ್ ನೀ!’ ಬೈಯುತ್ತಲೇ ಉಗುಳಿದ, ತೊಳೆದ, ಹಾಕಿಕೊಂಡ. ಮೂಗು ಗಾಜಿನೊಳಗೆ ಸೇರಿ ನರೆತ ಮೀಸೆಯಷ್ಟೇ ಹೊರಗೆ ಉಳಿದದ್ದು ಕಂಡು ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಮಾವ ಧುಮುಕಿದ. ಅವನ ಅಂಗಾಲು ಒಮ್ಮೆ ಬೆಳ್ಳಗೆ ಹೊಳೆದು ಮರೆಯಾಯಿತು.

ಅವನು ಹೋದರೆ ಕೂಡಲೇ ಬರುವವನು. ಬರಲಿಲ್ಲ. ಅವ್ವನ ನಗು ನಿಂತಿತು. ನಾನು ಕೆಳಗಿನ ಮೆಟ್ಟಿಲಿಗೆ ಇಳಿಯುವಷ್ಟರಲ್ಲಿ ಅವನ ತಲೆ ನೀರಿನಿಂದ ಮೇಲೆ ಬಂತು. ಏದುಸಿರು. ಕೈಗಳೆರಡೂ ನೀರಿನ ಮೇಲೆ ಅಗಲವಾಗಿ ತೆರೆದಿದ್ದವು. ‘ಮುಟ್ಟಿದೆ’ ಎಂದು ಕೂಗಲಿಲ್ಲ.

ಕೂಗಿದ್ದು ಅವ್ವ. ‘ಮಣ್ಣೆಲ್ಲೆಪಾ ಅಣ್ಣಾ? ಬರಿಗೈಲೆ ಬಂದಿಯಲ್ಲ!’

ಮಾವ ಮೆಟ್ಟಿಲು ಹಿಡಿದುಕೊಂಡ. ‘ಏಡಿ ಕುಂತೈತಿ’ ಎಂದ. ‘ತೂತು ತೂತು ಮಾಡ್ಕೊಂಡು ಕುಂತಾವು. ಬಸವನಹುಳ ಹೋದಲ್ಲೆಲ್ಲ ಗೆರಿ ಕೊರದಾವು, ಏನ್ ರಂಗೋಲಿ ಹಾಕಿದಂಗ. ಸಣ್ಣ ಮೀನ ನನ್ನ ಮೀಸಿಗೇ ಬಂದು ಬಾಯಿ ಹಚ್ಚಿತಲೇ.’ ತಿರುಗಿ ನೀರು ನೋಡಿದ. ‘ಎಲ್ಲಿ ಬಾಚಬೇಕು ಅಂತ ತಿಳೀಲಿಲ್ಲ. ಎಲ್ಲಾ ಕಡಿ ಯಾರರ ಅದಾರ.’

ಮುಖವಾಡ ಬಿಚ್ಚಿ ನನಗೆ ಕೊಡಲು ಬಂದ. ನಡುವೆ ಅವ್ವ ಕೈ ಹಾಕಿದಳು.

‘ಇತ್ತ ತಾ ಅದನ್ನ.’

ಅವಳು ಸೀರೆಯನ್ನು ಮೇಲೆತ್ತಿ ಕಚ್ಚೆಗೆ ಸಿಕ್ಕಿಸಿಕೊಂಡು, ಮೆಟ್ಟಿಲು ಒಂದೊಂದಾಗಿ ಇಳಿದು, ಮೊಣಕಾಲು ಮುಳುಗುವ ಮೆಟ್ಟಿಲಿನಲ್ಲಿ ನಿಂತಳು. ಅದಕ್ಕೂ ಕೆಳಗಿನದಕ್ಕೆ ಒಂದು ಕಾಲು ಇಟ್ಟಳು. ಗಾಜಿಗೆ ಉಗುಳಿ ತೊಳೆದಳು, ಹಾಕಿಕೊಂಡಳು, ನನ್ನ ಹೆಗಲು ಗಟ್ಟಿಯಾಗಿ ಹಿಡಿದು ಬಗ್ಗಿ ಮುಖವನ್ನು ನೀರಿಗೆ ಇಟ್ಟಳು. ಸಡಿಲಾದ ತುರುಬು ನೀರಿನ ಮೇಲೆ ಬಿಚ್ಚಿಕೊಂಡಿತು. ಗೋಡೆಯ ಕಲ್ಲುಗಳ ಸಂದಿಯಲ್ಲಿ ಪಾಚಿ ಅಲುಗುತ್ತಿರಬೇಕು, ಮರಿಮೀನುಗಳು ಬಂದಿರಬೇಕು. ನನ್ನ ಹೆಗಲ ಮೇಲಿನ ಅವಳ ಕೈ ಬಿಗಿಯಾಯಿತು, ಆಮೇಲೆ ಸಡಿಲಾಯಿತು.

ಉಸಿರಿಗಾಗಿ ತಲೆ ಎತ್ತಿದಳು. ಬಾಯಿ ತುಂಬ ನೀರು, ಮೂಗಿನ ಮೇಲೆ ಗಾಜು. ‘ಏನ್ ಕಾಣ್ತು ಅವ್ವಾ?’ ಎಂದು ಕೇಳಿದೆ.

‘ತಡಿ ಸ್ವಲ್ಪ’ ಎಂದು ಅವ್ವ ಮತ್ತೆ ಬಗ್ಗಿದಳು.